ಎವಿಎನ್‌ಗೆ ಸ್ಟೆಮ್ ಸೆಲ್ ಡ್ರಿಪ್: ಯಾರಾದರೂ ಮಾಡಿಸಿದ್ದೀರಾ?

ಕೆರೆ_ಏರಿ
ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ 32 ವರ್ಷ. ಚರ್ಮದ ಕಾಯಿಲೆಗೆ ತಿಂಗಳುಗಟ್ಟಲೆ ಸ್ಟೆರಾಯ್ಡ್ ಮಾತ್ರೆ ತಗೊಂಡಿದ್ದ. ಆಮೇಲೆ ತೊಡೆಸಂದಿಯಲ್ಲಿ ನೋವು ಶುರುವಾಯಿತು. ಎಂಆರ್‌ಐ ಮಾಡಿಸಿದಾಗ ಎರಡೂ ಸೊಂಟದಲ್ಲಿ ಎವಿಎನ್, ಅಂದರೆ ರಕ್ತ ಸಿಗದೆ ಮೂಳೆ ಸಾಯುವ ಕಾಯಿಲೆ, ಅಂತ ಬಂತು. ಬಲಗಡೆ ಸ್ಟೇಜ್ 2, ಎಡಗಡೆ ಸ್ಟೇಜ್ 1. ನಮ್ಮ ಡಾಕ್ಟರು ಕೋರ್ ಡಿಕಂಪ್ರೆಶನ್ ಮಾಡಿಸಿ, ತಡ ಮಾಡಬೇಡಿ ಅಂದರು.

ಅಷ್ಟರಲ್ಲಿ ಯಾರೋ ಹೇಳಿದರು ಅಂತ ಅಪ್ಪ ಇನ್ನೊಂದು ಕ್ಲಿನಿಕ್‌ಗೆ ಕರೆದುಕೊಂಡು ಹೋದರು. ಅವರು ಆಪರೇಷನ್ನೇ ಬೇಡ ಅಂತಾರೆ. ಕೈಗೆ ಡ್ರಿಪ್ ಹಾಕಿ ಸ್ಟೆಮ್ ಸೆಲ್ (ಬೇರೆ ಬೇರೆ ಸೆಲ್ ಆಗಿ ಬೆಳೆಯಬಲ್ಲ ಮೂಲ ಸೆಲ್) ಬಿಡುತ್ತೇವೆ, ಹೊಸ ಮೂಳೆ ಬೆಳೆಯುತ್ತದೆ ಅಂತ. ಪ್ಯಾಕೇಜ್ ಲಕ್ಷಗಳಲ್ಲಿದೆ. ಈಗಲೇ ಮುಂಗಡ ಕೊಟ್ಟರೆ ಮುಂದೆ ಬರುವ ಜೀನ್ ಥೆರಪಿಗೆ (ಜೀನ್ ದೋಷ ಸರಿಪಡಿಸುವ ಚಿಕಿತ್ಸೆ) ರಿಯಾಯಿತಿ ಅಂತೆ. ಅಪ್ಪ ಗದ್ದೆ ಮಾರೋಣ ಅಂತ ಕೂತಿದ್ದಾರೆ. ಗೊತ್ತಿರುವವರು ದಯವಿಟ್ಟು ಹೇಳಿ.

ಗುಂಡಣ್ಣ
ಗದ್ದೆ ಮಾರಬೇಡಿ. ಇಷ್ಟೇ ನನ್ನ ಉತ್ತರ.

ಜೋಳದ_ರೊಟ್ಟಿ
ಮೇಡಂ, ನಾನು ಮೂಳೆ ಡಾಕ್ಟರು, ಹುಬ್ಬಳ್ಳಿ ಕಡೆ. ಎಂಆರ್‌ಐ ನೋಡದೆ ನಿಮ್ಮ ತಮ್ಮನ ಬಗ್ಗೆ ತೀರ್ಪು ಕೊಡಲ್ಲ. ಕಾಯಿಲೆ ಏನು ಅಂತ ಮಾತ್ರ ಹೇಳುತ್ತೇನೆ.

ತೊಡೆ ಮೂಳೆಯ ಮೇಲಿನ ಗುಂಡು ಸೊಂಟದ ಬಟ್ಟಲಲ್ಲಿ ಕೂತಿರುತ್ತದೆ ಅಲ್ವಾ, ಅದಕ್ಕೆ ಹೋಗುವ ರಕ್ತನಾಳಗಳು ಬಹಳ ಸಣ್ಣವು. ರಕ್ತ ನಿಂತರೆ ಒಳಗಿನ ಮೂಳೆ ಸಾಯುತ್ತದೆ. ನಾವು ಜಾಸ್ತಿ ನೋಡುವ ಎರಡು ಕಾರಣ ಸ್ಟೆರಾಯ್ಡ್ ಮತ್ತು ಕುಡಿತ. ಸತ್ತ ಭಾಗ ಒಂದಷ್ಟು ಕಾಲ ಆಕಾರ ಹಿಡಿದುಕೊಂಡಿರುತ್ತದೆ, ಆಮೇಲೆ ದೇಹದ ಭಾರಕ್ಕೆ ಕುಸಿಯುತ್ತದೆ. ಕುಸಿದ ಮೇಲೆ ಹಿಪ್ ರಿಪ್ಲೇಸ್‌ಮೆಂಟ್ ಬಿಟ್ಟು ಹೆಚ್ಚಿನ ದಾರಿ ಉಳಿಯಲ್ಲ. ಸ್ಟೇಜ್ 1, 2 ಅಂದರೆ ಇನ್ನೂ ಕುಸಿದಿಲ್ಲ. ನಿಮ್ಮ ಡಾಕ್ಟರು ಅವಸರ ಮಾಡಿದ್ದು ಅದಕ್ಕೇ. ಕೋರ್ ಡಿಕಂಪ್ರೆಶನ್‌ನಲ್ಲಿ ಆ ಗುಂಡಿನೊಳಗೆ ರಂಧ್ರ ಕೊರೆದು ಒತ್ತಡ ಇಳಿಸುತ್ತಾರೆ, ಹೊಸ ರಕ್ತನಾಳ ಬರಲು ಜಾಗ ಆಗುತ್ತದೆ.

ಕೈಗೆ ಡ್ರಿಪ್ ಹಾಕಿದರೆ ಸೆಲ್‌ಗಳು ಸೊಂಟಕ್ಕೆ ಹೋಗಿ ಕೂರುತ್ತವೆ ಅನ್ನುವುದು ನಂಬುವ ಮಾತಲ್ಲ. ಈ ಸೆಲ್‌ಗಳನ್ನು ರಕ್ತನಾಳಕ್ಕೆ ಬಿಟ್ಟರೆ ಬಹುಪಾಲು ಮೊದಲು ಶ್ವಾಸಕೋಶದಲ್ಲೇ ಸಿಕ್ಕಿಕೊಳ್ಳುತ್ತವೆ. ಅದೂ ಅಲ್ಲದೆ ರಕ್ತವೇ ಹೋಗದ ಜಾಗಕ್ಕೆ ರಕ್ತದ ಮೂಲಕ ಹೇಗೆ ತಲುಪಿಸುತ್ತಾರಂತೆ, ಅವರನ್ನೇ ಕೇಳಿ.

ಮಿಥ್ಯ_ಭಂಜಕ
ಸ್ಟೆಮ್ ಸೆಲ್ ಅಂದರೇನೇ ಮೋಸ. ಮೂಳೆಗೆ ಯಾವ ಸ್ಟೆಮ್ ಸೆಲ್ ಚಿಕಿತ್ಸೆಯೂ ಕೆಲಸ ಮಾಡಲ್ಲ. ಮುಂದಿನ ಪ್ರಶ್ನೆ?

ಲ್ಯಾಬ್_ಕೋಟು
ಇಷ್ಟು ಸಲೀಸಾಗಿ ಹೇಳಬೇಡಿ ಸರ್. ಫ್ರಾನ್ಸಿನಲ್ಲಿ ಫಿಲಿಪ್ ಎರ್ನಿಗು ಅಂತ ಒಬ್ಬ ಸರ್ಜನ್ ಇದ್ದಾರೆ. ಸ್ಟೆರಾಯ್ಡ್‌ನಿಂದ ಎರಡೂ ಸೊಂಟದಲ್ಲಿ ಎವಿಎನ್ ಆದ 125 ಜನರಿಗೆ ಒಂದು ಕಡೆ ಬರೀ ಡಿಕಂಪ್ರೆಶನ್, ಇನ್ನೊಂದು ಕಡೆ ಡಿಕಂಪ್ರೆಶನ್ ಜೊತೆ ಅವರದೇ ಮೂಳೆಯೊಳಗಿನ ಮಜ್ಜೆಯ ಸಾಂದ್ರ ದ್ರವ ಹಾಕಿದರು. ಸರಾಸರಿ 25 ವರ್ಷ ಬೆನ್ನು ಹತ್ತಿ ನೋಡಿದರು. 2018ರಲ್ಲಿ ಪ್ರಕಟವಾಯಿತು. ಮಜ್ಜೆ ಹಾಕಿದ ಕಡೆ ಕುಸಿದ ಸೊಂಟಗಳು ಬಹಳ ಕಡಿಮೆ. ಒಬ್ಬನದೇ ದೇಹ, ಎರಡು ಸೊಂಟ. ಇದಕ್ಕಿಂತ ಒಳ್ಳೆಯ ಹೋಲಿಕೆ ಎಲ್ಲಿ ಸಿಗುತ್ತದೆ?

ನಮ್ಮ ದೇಶದಲ್ಲೇ ಎವಿಎನ್‌ಗೆ ರೋಗಿಯದೇ ಮಜ್ಜೆ ತೆಗೆದು, ಲ್ಯಾಬಿನಲ್ಲಿ ಮೂಳೆ ಕಟ್ಟುವ ಸೆಲ್ ಬೆಳೆಸಿ, ವಾಪಸ್ ಗುಂಡಿನೊಳಗೆ ಹಾಕುವ ಒಂದು ಉತ್ಪನ್ನಕ್ಕೆ 2017ರಲ್ಲಿ ಡಿಸಿಜಿಐ (ದೇಶದ ಔಷಧ ನಿಯಂತ್ರಕರು) ಅನುಮತಿ ಸಿಕ್ಕಿದೆ. ಸೆಲ್ ಹೋಗುವುದು ಕೊರೆದ ರಂಧ್ರದ ಮೂಲಕ, ಕೈಯ ಡ್ರಿಪ್ ಮೂಲಕ ಅಲ್ಲ. ಅಂದರೆ ಆಪರೇಷನ್ ತಪ್ಪಲ್ಲ.

ಜೋಳದ_ರೊಟ್ಟಿ
ಎರ್ನಿಗು ಅವರದು ದೊಡ್ಡ ಕೆಲಸ, ಒಪ್ಪುತ್ತೇನೆ. ಆದರೆ ಬೇರೆ ಕಡೆ ಮಾಡಿದವರಿಗೆಲ್ಲ ಅಷ್ಟೇ ಚೆನ್ನಾಗಿ ಬಂದಿಲ್ಲ. ಎಷ್ಟು ಸೆಲ್ ಹೋಯಿತು, ಯಾವ ಸ್ಟೇಜ್, ಸತ್ತ ಭಾಗ ಎಷ್ಟು ದೊಡ್ಡದು ಅನ್ನುವುದರ ಮೇಲೆ ಎಲ್ಲ ನಿಂತಿದೆ. ಡಿಕಂಪ್ರೆಶನ್ ಮಾಡುವಾಗ ಮಜ್ಜೆ ಸೇರಿಸುತ್ತೀರಾ ಅಂತ ನಿಮ್ಮ ಸರ್ಜನ್‌ನ ಕೇಳಿ ಮೇಡಂ. ಕೇಳಬೇಕಾದ ಪ್ರಶ್ನೆಯೇ ಅದು.

ಮಿಥ್ಯ_ಭಂಜಕ
ಮಜ್ಜೆ ಹಿಂಡಿ ಹಾಕುವುದು ಬೇರೆ, ಸ್ಟೆಮ್ ಸೆಲ್ ಥೆರಪಿ ಬೇರೆ. ಮಜ್ಜೆಯಲ್ಲಿ ಸಿಗುವ ಇಂಥ ಸೆಲ್‌ಗಳಿಗೆ ಮೆಸೆಂಕೈಮಲ್ ಸ್ಟೆಮ್ ಸೆಲ್ ಅನ್ನುವ ಹೆಸರು ಕೊಟ್ಟ ವಿಜ್ಞಾನಿ ಆರ್ನಾಲ್ಡ್ ಕ್ಯಾಪ್ಲನ್ ಅವರೇ 2017ರಲ್ಲಿ ಇವನ್ನು ಸ್ಟೆಮ್ ಸೆಲ್ ಅನ್ನುವುದನ್ನು ಬಿಡಿ ಅಂತ ಬರೆದರು. ಇವು ಹೋಗಿ ಮೂಳೆ ಆಗಲ್ಲ. ಸುತ್ತಲಿನ ಸೆಲ್‌ಗಳಿಗೆ ಸಂದೇಶ ಕಳಿಸಿ ಸಾಯುತ್ತವೆ. ಇದು ಗೊತ್ತಿದ್ದೂ "ಹೊಸ ಮೂಳೆ ಬೆಳೆಯುತ್ತೆ" ಅಂತ ದುಡ್ಡು ಕೀಳುವವರನ್ನು ಏನನ್ನಬೇಕು?

ಸುಬ್ಬಕ್ಕ_ಅಡುಗೆ
ನಮ್ಮ ಭಾವನವರಿಗೆ ಮಂಡಿಗೆ ಸ್ಟೆಮ್ ಸೆಲ್ ಅಂತ ಹಾಕಿದರು. ಬಿಲ್ ನೋಡಿದರೆ ಪಿಆರ್‌ಪಿ ಅಂತಿತ್ತು! ಈಗಲೂ ಕುಂಟುತ್ತಾರೆ.

ಲ್ಯಾಬ್_ಕೋಟು
ಪಿಆರ್‌ಪಿ ಅಂದರೆ ನಿಮ್ಮದೇ ರಕ್ತ ತಿರುಗಿಸಿ ತೆಗೆದ ಪ್ಲೇಟ್‌ಲೆಟ್ ಅಕ್ಕ. ಅದರಲ್ಲಿ ಸ್ಟೆಮ್ ಸೆಲ್ ಇಲ್ಲ. ಮಂಡಿ ಸವೆತಕ್ಕೆ ನಮ್ಮ ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಮಾಡಿದ ಸ್ಟೆಂಪ್ಯೂಸೆಲ್‌ಗೆ 2022ರಲ್ಲಿ ಅನುಮತಿ ಸಿಕ್ಕಿದೆ, ಅದು ಬೇರೆಯದು. ದಾನಿಗಳ ಮಜ್ಜೆಯಿಂದ ಬೆಳೆಸಿದ್ದು. ಮಂಡಿಗೆ ಸಿಕ್ಕ ಅನುಮತಿ ತೋರಿಸಿ ಸೊಂಟಕ್ಕೋ ಬೆನ್ನಿಗೋ ಹಾಕುತ್ತೇವೆ ಅಂದರೆ ಒಪ್ಪಬೇಡಿ.

ಕೆರೆ_ಏರಿ
ಎಲ್ಲರಿಗೂ ಥ್ಯಾಂಕ್ಸ್. ಕ್ಲಿನಿಕ್‌ನವರು ಒಂದು ಸರ್ಟಿಫಿಕೇಟ್ ತೋರಿಸಿದರು, ಸಿಟಿಆರ್‌ಐ ನಂಬರ್ ಇದೆ, ಸರ್ಕಾರದ್ದು ಅಂದರು. ಅದು ಸರಿಯಾ?

ಲ್ಯಾಬ್_ಕೋಟು
ಸಿಟಿಆರ್‌ಐ ಅಂದರೆ ಕ್ಲಿನಿಕಲ್ ಟ್ರಯಲ್‌ಗಳ ನೋಂದಣಿ ಪುಸ್ತಕ ಅಷ್ಟೇ. ಅಲ್ಲಿ ನಂಬರ್ ಸಿಕ್ಕಿತು ಅಂದರೆ ಚಿಕಿತ್ಸೆ ಕೆಲಸ ಮಾಡುತ್ತದೆ ಅಂತ ಯಾರೂ ಹೇಳಿದ ಹಾಗಲ್ಲ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಓದಿ. ರಕ್ತದ ಕಾಯಿಲೆ ಮೊದಲಾದ ಒಪ್ಪಿತ ಕಾಯಿಲೆಗಳಿಗೆ ಮಾಡುವ ಮಜ್ಜೆ ಕಸಿ ಬಿಟ್ಟರೆ ಸ್ಟೆಮ್ ಸೆಲ್ ಬಳಕೆ ಪ್ರಯೋಗದ ಹಂತದ್ದು, ಒಪ್ಪಿಗೆ ಪಡೆದ ಟ್ರಯಲ್ ಒಳಗೇ ನಡೆಯಬೇಕು ಅನ್ನುತ್ತದೆ. ಟ್ರಯಲ್‌ಗೆ ಸೇರಿದ ರೋಗಿಯಿಂದ ದುಡ್ಡು ತಗೊಳ್ಳುವಂತಿಲ್ಲ. ಜಾಹೀರಾತೂ ಕೊಡುವಂತಿಲ್ಲ.

ಅವರನ್ನು ಒಂದೇ ಮಾತು ಕೇಳಿ. ಇದು ಟ್ರಯಲ್ ಆದರೆ ದುಡ್ಡು ಯಾಕೆ? ಅನುಮತಿ ಸಿಕ್ಕ ಔಷಧ ಆದರೆ ಡಿಸಿಜಿಐ ಪತ್ರ ಎಲ್ಲಿ?

ಗುಂಡಣ್ಣ
ಇದನ್ನು ಪ್ರಿಂಟ್ ಹಾಕಿಸಿ ಅಪ್ಪನ ಕೈಗೆ ಕೊಡಿ ತಾಯಿ.

ಕಾಡುಮಲ್ಲಿಗೆ
ಮಧ್ಯದಲ್ಲಿ ಬರುತ್ತಿದ್ದೇನೆ, ಕ್ಷಮಿಸಿ. ನನ್ನ ಮಗಳಿಗೆ ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ, ಗಾಜಿನ ಮೂಳೆ ಅಂತಾರಲ್ಲ ಅದು. ಡಯಾಪರ್ ಬದಲಿಸುವಾಗ ತೊಡೆ ಮೂಳೆ ಮುರಿದಿದೆ. ಆಸ್ಪತ್ರೆಯಲ್ಲಿ ನಮ್ಮನ್ನೇ ಅನುಮಾನದಿಂದ ನೋಡಿದರು, ಮಗುವಿಗೆ ಹೊಡೆದಿದ್ದೀರಾ ಅಂತ. ಈಗ ಸ್ವಲ್ಪ ಸ್ವಲ್ಪ ಕಾಲಕ್ಕೊಮ್ಮೆ ಮೂಳೆ ಗಟ್ಟಿ ಮಾಡುವ ಝೋಲೆಡ್ರೊನೇಟ್ ಔಷಧದ ಡ್ರಿಪ್ ಹಾಕಿಸುತ್ತೇವೆ, ಕಾಲಿಗೆ ರಾಡ್ ಹಾಕಿದ್ದಾರೆ. ಮೊದಲಿಗಿಂತ ಮುರಿಯುವುದು ಕಡಿಮೆಯಾಗಿದೆ. ಇವಳಿಗೆ ಜೀನ್ ಥೆರಪಿ ಯಾವಾಗ ಬರಬಹುದು? ನಿಜ ಹೇಳಿ, ಸುಮ್ನೆ ಸಮಾಧಾನ ಬೇಡ.

ಲ್ಯಾಬ್_ಕೋಟು
ಸಮಾಧಾನದ ಮಾತು ಬೇಡ ಅಂದಿದ್ದೀರಿ, ಹಾಗಾಗಿ ನೇರವಾಗಿ ಹೇಳುತ್ತೇನೆ. ಹತ್ತಿರದಲ್ಲಿ ಕಾಣುತ್ತಿಲ್ಲ. ಯಾಕೆ ಕಷ್ಟ ಅನ್ನುವುದು ತಿಳಿದರೆ ಯಾರೂ ನಿಮ್ಮನ್ನು ಮೋಸ ಮಾಡಲಾರರು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಮೂಳೆಯ ಒಳಗಿನ ಕೊಲಾಜೆನ್ ಮೂರು ಎಳೆ ಸೇರಿಸಿ ಹೆಣೆದ ಜಡೆ ಇದ್ದ ಹಾಗೆ. ಸಿಒಎಲ್1ಎ1, ಸಿಒಎಲ್1ಎ2 ಅನ್ನುವ ಎರಡು ಜೀನ್‌ಗಳು ಆ ಎಳೆಗಳನ್ನು ಮಾಡುತ್ತವೆ. ಕಾಯಿಲೆ ಜೋರಾಗಿರುವ ಹೆಚ್ಚಿನ ಮಕ್ಕಳಲ್ಲಿ ಜೀನ್‌ನ ಒಂದು ಪ್ರತಿ ಸರಿ ಇರುತ್ತದೆ, ಇನ್ನೊಂದು ಕೆಟ್ಟ ಎಳೆ ಮಾಡುತ್ತಿರುತ್ತದೆ. ಕೆಟ್ಟದ್ದು ಒಂದು ಸೇರಿದರೂ ಇಡೀ ಹೆಣಿಗೆ ಹಾಳು. ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ಕಾಯಿಲೆಯಲ್ಲಿ ಹಾಗಲ್ಲ. ಅಲ್ಲಿ ಒಂದು ಪ್ರೋಟೀನ್ ಇಲ್ಲ, ಒಳ್ಳೆಯ ಜೀನ್ ಸೇರಿಸಿದರೆ ಸಾಕು. ವೆಲ್ಲೂರಿನ ಸಿಎಂಸಿಯಲ್ಲಿ 5 ಜನ ಹಿಮೋಫಿಲಿಯಾ ರೋಗಿಗಳಿಗೆ ಹೀಗೆ ಮಾಡಿದ್ದು 2024ರ ಕೊನೆಯಲ್ಲಿ ಪ್ರಕಟವಾಗಿದೆ. ನಿಮ್ಮ ಮಗಳ ಕಾಯಿಲೆಯಲ್ಲಿ ಒಳ್ಳೆಯ ಜೀನ್ ಸೇರಿಸಿದರೆ ಸಾಲದು, ಕೆಟ್ಟದ್ದರ ಬಾಯಿ ಮುಚ್ಚಿಸಬೇಕು. 2004ರಲ್ಲಿ ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ರೋಗಿಗಳ ಮಜ್ಜೆಯ ಸೆಲ್‌ಗಳಲ್ಲಿ ಕೆಟ್ಟ ಪ್ರತಿಯನ್ನು ಕೆಡಿಸಿ ತೋರಿಸಿದರು. ಲ್ಯಾಬಿನಲ್ಲಿ ಆ ಸೆಲ್‌ಗಳು ಸರಿಯಾದ ಕೊಲಾಜೆನ್ ಮಾಡಿದವು. ತಟ್ಟೆಯಲ್ಲಿ ಆಗಿದ್ದನ್ನು ಮಗುವಿನ ಇಡೀ ಅಸ್ಥಿಪಂಜರದಲ್ಲಿ ಮಾಡುವುದು ಹೇಗೆ ಅನ್ನುವಲ್ಲಿ ಕೆಲಸ ಸಿಕ್ಕಿಕೊಂಡಿದೆ.

ಉಪ್ಸಾಲಾ_ರಾಯರು
ನಾನು ಸ್ವೀಡನ್‌ನಲ್ಲಿದ್ದೇನೆ. ಇಲ್ಲಿ ಕರೋಲಿನ್‌ಸ್ಕಾ ವೈದ್ಯಕೀಯ ಸಂಸ್ಥೆಯವರು ಇದೇ ಕಾಯಿಲೆಗೆ ಒಂದು ಟ್ರಯಲ್ ನಡೆಸಿದ್ದಾರೆ, ಬೂಸ್ಟ್‌ಬಿ4 ಅಂತ. ಭ್ರೂಣದ ಯಕೃತ್ತಿನಿಂದ ತೆಗೆದ ಸೆಲ್‌ಗಳನ್ನು ಮಗು ಹೊಟ್ಟೆಯಲ್ಲಿರುವಾಗಲೇ ಅಥವಾ ಹುಟ್ಟಿದ ಮೇಲೆ ಬೇಗನೆ ಕೊಡುವುದು. ಮಗುವಿಗೆ ಅಪಾಯ ಇದೆಯಾ, ಮೂಳೆ ಮುರಿಯುವುದು ಕಡಿಮೆಯಾಗುತ್ತದಾ ಅಂತ ನೋಡುವುದು ಉದ್ದೇಶ. ಇಲ್ಲಿ ಪೇಪರ್‌ನಲ್ಲಿ ಬಂದಾಗ ಗರ್ಭಪಾತದ ಸೆಲ್ ಬಳಸಬಹುದಾ ಅಂತ ನಮ್ಮ ಆಫೀಸಲ್ಲೇ ಅರ್ಧ ದಿನ ಜಗಳ.

ಮಿಥ್ಯ_ಭಂಜಕ
1999ರಲ್ಲೂ ಇದೇ ಸಂಭ್ರಮ ಇತ್ತು. ಮೆಂಫಿಸ್‌ನಲ್ಲಿ ಹೊರ್ವಿಟ್ಜ್ ತಂಡ 3 ಮಕ್ಕಳಿಗೆ ಮಜ್ಜೆ ಕಸಿ ಮಾಡಿ, ಮಕ್ಕಳು ಬೆಳೆದರು, ಮುರಿತ ಕಡಿಮೆಯಾಯಿತು ಅಂತ ಬರೆಯಿತು. ಆಮೇಲೆ ಗೊತ್ತಾಗಿದ್ದು ಏನು? ದಾನಿಯ ಸೆಲ್ ಮೂಳೆಯಲ್ಲಿ ಕೂತಿದ್ದು ಅತ್ಯಲ್ಪ. ಮುಂದೆ ಗುರುತು ಹಾಕಿದ ಸೆಲ್ ಕೊಟ್ಟು ನೋಡಿದಾಗ ಶೇಕಡಾ 1ಕ್ಕಿಂತ ಕಡಿಮೆ. ಬೆಳವಣಿಗೆಯ ಓಟವೂ ಕೆಲವು ತಿಂಗಳಲ್ಲಿ ಇಳಿಯಿತು.

ಲ್ಯಾಬ್_ಕೋಟು
ಶೇಕಡಾ 1 ಕೂಡ ಇಲ್ಲದೆ ಮಕ್ಕಳು ಬೆಳೆದರಲ್ಲ, ಅದನ್ನು ಯಾಕೆ ಬಿಡುತ್ತೀರಿ? ಆ ಸೆಲ್‌ಗಳು ಏನನ್ನೋ ಸ್ರವಿಸಿ ಸಹಾಯ ಮಾಡಿವೆ ಅನ್ನುವ ಸುಳಿವು ಅಲ್ಲಿಂದಲೇ ಬಂದಿದ್ದು. ಅದನ್ನು ಸೋಲು ಅಂತ ಬರೆದು ಮುಚ್ಚಿಡಲು ನನಗೆ ಮನಸ್ಸಿಲ್ಲ.

ಮಿಥ್ಯ_ಭಂಜಕ
ಸುಳಿವು ಸರಿ, ಚಿಕಿತ್ಸೆ ಅಲ್ಲ. ನಿಮಗೆ ಸುಳಿವು ಸಾಕು. ಕಾಡುಮಲ್ಲಿಗೆ ಅವರಿಗೆ ಸಾಲದು.

ಕಾಡುಮಲ್ಲಿಗೆ
ಇಬ್ಬರೂ ಜಗಳ ಆಡಬೇಡಿ, ಇಬ್ಬರ ಮಾತೂ ನನಗೆ ಉಪಯೋಗಕ್ಕೆ ಬಂತು. ಇನ್ನೊಂದು ಪ್ರಶ್ನೆ. ಎರಡನೇ ಮಗು ಹುಟ್ಟಿದಾಗ ಹೊಕ್ಕುಳಬಳ್ಳಿ ರಕ್ತ ಬ್ಯಾಂಕಲ್ಲಿ ಇಡಿ ಅಂತ ಹೆರಿಗೆ ವಾರ್ಡಿಗೇ ಏಜೆಂಟ್ ಬಂದಿದ್ದ. ದೊಡ್ಡವಳಿಗೆ ಆಗುತ್ತೆ ಅಂದ. ಇಟ್ಟಿಲ್ಲ. ಇಡಬೇಕಿತ್ತಾ?

ಜೋಳದ_ರೊಟ್ಟಿ
ಇಟ್ಟಿಲ್ಲ ಅಂತ ಕೊರಗಬೇಡಿ. ಬಳ್ಳಿರಕ್ತದಲ್ಲಿರುವುದು ರಕ್ತ ಮಾಡುವ ಸ್ಟೆಮ್ ಸೆಲ್. ಗಾಜಿನ ಮೂಳೆಗೆ ಅದರಿಂದ ಪ್ರಯೋಜನ ಇಲ್ಲ. ಜೀನ್ ದೋಷವಿರುವ ಮಗುವಿನ ಸ್ವಂತ ಬಳ್ಳಿರಕ್ತ ಇಟ್ಟರೂ ಅದೇ ದೋಷ ಅದರೊಳಗೂ ಇರುತ್ತದೆ. ಈ ಮಾತು ಆ ಏಜೆಂಟ್‌ಗಳ ಬಾಯಲ್ಲಿ ಮಾತ್ರ ಬರಲ್ಲ. ನಮ್ಮ ವಾರ್ಡಿನಲ್ಲೂ ಓಡಾಡುತ್ತಾರೆ, ಬೈದು ಕಳಿಸುತ್ತೇನೆ.

ಕಲ್ಲು_ಮಂಟಪ
ಹಾಗಾದರೆ ಯಾವ ಮೂಳೆ ಕಾಯಿಲೆಗೂ ಸ್ಟೆಮ್ ಸೆಲ್ ಪೂರ್ತಿ ವಾಸಿ ಮಾಡಿಲ್ಲವೇ?

ಜೋಳದ_ರೊಟ್ಟಿ
ಮಾಡಿದೆ ಸ್ವಾಮಿ. ಆಸ್ಟಿಯೋಪೆಟ್ರೋಸಿಸ್. ಇಲ್ಲಿ ಮೂಳೆ ಕಡಿಮೆ ಅಲ್ಲ, ವಿಪರೀತ ಜಾಸ್ತಿ. ಮೂಳೆ ಕಟ್ಟುವ ಸೆಲ್ ಒಂದಿದ್ದರೆ ಕರಗಿಸುವ ಸೆಲ್ ಇನ್ನೊಂದಿದೆ, ಆಸ್ಟಿಯೋಕ್ಲಾಸ್ಟ್ ಅಂತ. ಅದು ಕೆಲಸ ನಿಲ್ಲಿಸಿದರೆ ಮೂಳೆ ಕಲ್ಲಿನ ಹಾಗೆ ತುಂಬಿಕೊಳ್ಳುತ್ತದೆ. ಮಜ್ಜೆಗೆ ಜಾಗ ಇಲ್ಲದೆ ರಕ್ತ ಕಡಿಮೆಯಾಗುತ್ತದೆ. ತಲೆಬುರುಡೆಯಲ್ಲಿ ಕಣ್ಣಿನ ನರ ಹೋಗುವ ದಾರಿ ಕಿರಿದಾಗಿ ಮಗು ಕುರುಡಾಗುತ್ತದೆ. ಆಸ್ಟಿಯೋಕ್ಲಾಸ್ಟ್ ಹುಟ್ಟುವುದು ರಕ್ತದ ಸ್ಟೆಮ್ ಸೆಲ್‌ನಿಂದಲೇ. ಅದಕ್ಕೇ ದಾನಿಯ ಮಜ್ಜೆ ಕಸಿ ಮಾಡಿದರೆ ಹೊಸ ಸೆಲ್ ಬಂದು ಕಲ್ಲು ಕರಗಿಸಲು ಶುರು ಮಾಡುತ್ತದೆ. 1980ರ ಹೊತ್ತಿಗೇ ಇದನ್ನು ಮಾಡಿ ತೋರಿಸಿದ್ದರು. ಆದರೆ ಹೋದ ಕಣ್ಣು ವಾಪಸ್ ಬರಲ್ಲ. ಹುಟ್ಟಿದ ಕೆಲವೇ ತಿಂಗಳಲ್ಲಿ ಗುರುತಿಸಬೇಕು.

ಲ್ಯಾಬ್_ಕೋಟು
ಇದಕ್ಕೆ ಸೇರಿಸುತ್ತೇನೆ. ಮೂಳೆಯ ವಿಷಯದಲ್ಲಿ ಜೀನ್ ಥೆರಪಿ ಒಳ್ಳೆಯ ಫಲ ತೋರಿಸಿದ್ದೂ ಇದೇ ದಾರಿಯಲ್ಲಿ, ರಕ್ತದ ಸ್ಟೆಮ್ ಸೆಲ್ ಮೂಲಕ. ಹರ್ಲರ್ ಕಾಯಿಲೆ ಅಂತ ಒಂದಿದೆ, ಒಂದು ಕಿಣ್ವ ಇಲ್ಲದೆ ಮಕ್ಕಳ ಮೂಳೆ, ಮಿದುಳು ಎಲ್ಲ ಹಾಳಾಗುತ್ತದೆ. ಇಟಲಿಯ ಮಿಲಾನ್‌ನಲ್ಲಿ 8 ಮಕ್ಕಳ ಸ್ವಂತ ಸೆಲ್ ತೆಗೆದು, ಜೀನ್ ಹಾಕಿ ವಾಪಸ್ ಕೊಟ್ಟರು. 2021ರಲ್ಲಿ ಪ್ರಕಟವಾಯಿತು. ಮಾಮೂಲಿ ಮಜ್ಜೆ ಕಸಿಯಲ್ಲಿ ಈ ಮಕ್ಕಳ ಮೂಳೆ ಅಷ್ಟಾಗಿ ಸುಧಾರಿಸುವುದಿಲ್ಲ, ಇಲ್ಲಿ ಬೆಳವಣಿಗೆ ಚೆನ್ನಾಗಿತ್ತು.

ಮಿಥ್ಯ_ಭಂಜಕ ಅವರೇ, ಏನಂತೀರಿ?

ಮಿಥ್ಯ_ಭಂಜಕ
ಅದಕ್ಕೆ ನನ್ನ ತಕರಾರಿಲ್ಲ. 8 ಮಕ್ಕಳು, ಹೆಸರಾಂತ ಆಸ್ಪತ್ರೆ, ಎಲ್ಲ ಲೆಕ್ಕ ಹೊರಗೆ. ನನ್ನ ತಕರಾರು ಮುಂಗಡ ಬುಕಿಂಗ್ ಮಾಡುವವರ ಮೇಲೆ.

ಸಾಗರದವ
ನಮ್ಮ ಹಂದಿಗೋಡು ಕಾಯಿಲೆ ಬಗ್ಗೆ ಯಾರೂ ಹೇಳಲೇ ಇಲ್ಲವಲ್ಲ! ಸಾಗರ ತಾಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂತು. ಸೊಂಟ, ಮಂಡಿ ಹಿಡಿದುಕೊಂಡು, ಬಗ್ಗಿ ನಡೆದು, ಕೊನೆಗೆ ತೆವಳುವ ಸ್ಥಿತಿ. ಕೆಲವರು ಕುಳ್ಳಾಗಿಯೇ ಉಳಿಯುತ್ತಾರೆ. ಬಹುಪಾಲು ಚನ್ನಂಗಿ, ಛಲವಾದಿ ಕುಟುಂಬಗಳು, ಬಡ ಕೂಲಿಯವರು. ಗದ್ದೆಗೆ ಹೊಡೆದ ಔಷಧಿಯಿಂದ, ಆ ಗದ್ದೆಯ ಏಡಿ ತಿಂದು ಬಂತು ಅಂತ ಮೊದಲು ಗುಲ್ಲಾಗಿತ್ತು. ಹೈದರಾಬಾದಿನ ಪೌಷ್ಟಿಕತೆ ಸಂಸ್ಥೆಯವರು ಬಂದು ಅಧ್ಯಯನ ಮಾಡಿದರು. ಆಮೇಲೆ ಇದು ವಂಶದಲ್ಲಿ ಹರಿಯುವ ಕಾಯಿಲೆ ಅಂತ ಹೇಳಿದರು. ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೆ ಅರ್ಧಕ್ಕರ್ಧ ಸಾಧ್ಯತೆ.

ಅಷ್ಟು ವರ್ಷ ರಕ್ತ ತಗೊಂಡು ಹೋದರು, ಎಕ್ಸ್‌ರೇ ತೆಗೆದರು. ಸಂಶೋಧನೆ ಬೇಡ ಅಂತಲ್ಲ. ರಕ್ತ ಕೊಟ್ಟವರಿಗೆ ಏನು ಸಿಕ್ಕಿತು ಅಂತ ಒಮ್ಮೆ ಕೇಳಿ ನೋಡಿ.

ಪಾವಗಡ_ಬಿಸಿಲು
ನಮ್ಮ ಕಡೆ ಬನ್ನಿ, ಫ್ಲೋರೈಡ್ ನೀರು ಕುಡಿದು ಬೆನ್ನು ಬಗ್ಗಿದವರನ್ನು ತೋರಿಸುತ್ತೇನೆ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಎಲ್ಲ ಒಂದೇ ಕಥೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ಡಬ್ಲ್ಯುಎಚ್‌ಒ ಹೇಳುತ್ತದೆ. ಇದಕ್ಕೆ ಯಾವ ಜೀನ್ ಥೆರಪಿಯೂ ಬೇಡ ಸ್ವಾಮಿ. ಒಳ್ಳೆ ನೀರು ಬಿಡಿ.

ಗುಂಡಣ್ಣ
ಅದಕ್ಕೆ ಪ್ಯಾಕೇಜ್ ಮಾಡಲು ಬರಲ್ಲವಲ್ಲ, ಅದಕ್ಕೇ ಯಾರೂ ಮಾಡಲ್ಲ.

ಬೆಟ್ಟದ_ಹೂ
ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಸಿಕಲ್ ಸೆಲ್ ಕಾಯಿಲೆ ಇದೆ. ಅವರಿಗೂ ಇದೇ ಎವಿಎನ್ ಆಗುತ್ತದೆ. ಕುಡುಗೋಲಿನ ಆಕಾರದ ರಕ್ತಕಣ ಸಣ್ಣ ನಾಳದಲ್ಲಿ ಸಿಕ್ಕಿ ರಕ್ತ ನಿಲ್ಲಿಸುತ್ತದೆ. ಜೀನ್ ಕತ್ತರಿಸಿ ತಿದ್ದುವ ಕ್ರಿಸ್ಪರ್ ತಂತ್ರ ಬಳಸಿ ಸಿಕಲ್ ಸೆಲ್ ವಾಸಿ ಮಾಡುವ ಕ್ಯಾಸ್‌ಗೆವಿ ಅನ್ನುವ ಚಿಕಿತ್ಸೆ 2023ರಲ್ಲಿ ಮೊದಲು ಬ್ರಿಟನ್ನಿನಲ್ಲಿ, ಆಮೇಲೆ ಅಮೆರಿಕದಲ್ಲಿ ಬಂತು. ಅಮೆರಿಕದಲ್ಲಿ ಬೆಲೆ 22 ಲಕ್ಷ ಡಾಲರ್. ರೂಪಾಯಿಗೆ ಲೆಕ್ಕ ಹಾಕಿ ನಗಬೇಡಿ.

ಕಲ್ಲು_ಮಂಟಪ
ಕೋಟಿಗಟ್ಟಲೆ! ಹಾಡಿಯ ಹುಡುಗನಿಗೆ ಇದು ಸಿಗುವುದು ಯಾವ ಕಾಲಕ್ಕೆ? ಸರ್ಕಾರ ಏನಾದರೂ ಕೊಡುತ್ತದಾ?

ಲ್ಯಾಬ್_ಕೋಟು
ಸಿಕಲ್ ಸೆಲ್‌ಗೆ 2023ರ ಜುಲೈನಲ್ಲಿ ಶುರುವಾದ ರಾಷ್ಟ್ರೀಯ ಅಭಿಯಾನ ಇದೆ, ಅದು ಹೆಚ್ಚಾಗಿ ತಪಾಸಣೆ, ಸಲಹೆ. ಅಪರೂಪದ ಕಾಯಿಲೆಗಳಿಗೆ 2021ರ ರಾಷ್ಟ್ರೀಯ ನೀತಿ ಇದೆ, ಗೊತ್ತುಮಾಡಿದ ಕೇಂದ್ರಗಳಲ್ಲಿ 50 ಲಕ್ಷದವರೆಗೆ ನೆರವು. ಕಾಡುಮಲ್ಲಿಗೆ ಅವರೇ, ನಿಮ್ಮ ಮಗಳ ಕಾಯಿಲೆಯೂ ಆ ಪಟ್ಟಿಯಲ್ಲಿದೆ, ಆಸ್ಟಿಯೋಪೆಟ್ರೋಸಿಸ್ ಕೂಡ ಇದೆ. ಬೆಂಗಳೂರಿನಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆ ಸೇರಿ ಆ ಕೇಂದ್ರ ನಡೆಸುತ್ತವೆ. ಹೋಗಿದ್ದೀರಾ?

ಕಾಡುಮಲ್ಲಿಗೆ
ಇಲ್ಲ ಸರ್, ಪಟ್ಟಿಯಲ್ಲಿದೆ ಅಂತಲೇ ಯಾರೂ ಹೇಳಿರಲಿಲ್ಲ. ಈ ವಾರವೇ ಫೋನ್ ಮಾಡುತ್ತೇನೆ.

ಅಮೃತಬಳ್ಳಿ_ಪ್ರಿಯ
ನಮ್ಮಲ್ಲಿ ಮಂಗರವಳ್ಳಿ ಅಂತ ಬಳ್ಳಿ ಇದೆ, ಮುರಿದ ಮೂಳೆ ಕೂಡಿಸುತ್ತೆ. ಎವಿಎನ್‌ಗೂ ಆಗುತ್ತೆ. ಬೇಕಾದವರು ಮೆಸೇಜ್ ಮಾಡಿ, ಪುಡಿ ಕಳಿಸುತ್ತೇನೆ.

ನಿರ್ವಾಹಕ
ಮಾರಾಟ ಬೇಡ. ಮುಂದಿನ ಸಲ ಪೋಸ್ಟ್ ತೆಗೆಯುತ್ತೇವೆ.

ಸುಬ್ಬಕ್ಕ_ಅಡುಗೆ
ಮಂಗರವಳ್ಳಿ ಚಟ್ನಿ ಚೆನ್ನಾಗಿರುತ್ತೆ. ಹುಣಸೆಹಣ್ಣು ಜಾಸ್ತಿ ಹಾಕಬೇಕು, ಇಲ್ಲದಿದ್ದರೆ ಬಾಯಿ ತುರಿಸುತ್ತೆ. ಸೊಂಟಕ್ಕೆ ಗೊತ್ತಿಲ್ಲ.

ಕೆರೆ_ಏರಿ
ಲ್ಯಾಬ್_ಕೋಟು ಅವರು ಹೇಳಿದ ಎರಡು ಪ್ರಶ್ನೆ ಕ್ಲಿನಿಕ್‌ಗೆ ಫೋನ್ ಮಾಡಿ ಕೇಳಿದೆ. "ಡಾಕ್ಟರ್ ಜೊತೆ ನೇರವಾಗಿ ಬಂದು ಮಾತಾಡಿ" ಅಂತ ಹೇಳಿ ಇಟ್ಟರು. ಅಪ್ಪ ಪಕ್ಕದಲ್ಲೇ ಕೂತು ಕೇಳಿಸಿಕೊಂಡರು. ಗದ್ದೆ ಮಾತು ನಿಂತಿದೆ. ನಮ್ಮ ಸರ್ಜನ್ ಮಜ್ಜೆಯ ಸಾಂದ್ರ ದ್ರವ ಸೇರಿಸಲು ಒಪ್ಪಿದ್ದಾರೆ. ಬಲಗಡೆ ಮೊದಲು ಮಾಡೋಣ ಅಂದರು.

ಜೋಳದ_ರೊಟ್ಟಿ
ಒಳ್ಳೆಯದು. ಆಪರೇಷನ್ ಆದ ಮೇಲೆ ಎಷ್ಟು ದಿನ ಊರುಗೋಲು, ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು ಅಂತ ಬರೆಸಿಕೊಳ್ಳಿ. ಹುಡುಗರು ನೋವು ಕಡಿಮೆಯಾದ ತಕ್ಷಣ ಬೈಕ್ ಹತ್ತುತ್ತಾರೆ. ಆಮೇಲೆ ಸ್ಟೆರಾಯ್ಡ್ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದು ಬೇಡ, ಚರ್ಮದ ಡಾಕ್ಟರನ್ನು ಕೇಳಿಯೇ ಇಳಿಸಬೇಕು.

ಕಲ್ಲು_ಮಂಟಪ
ಆಸ್ಟಿಯೋಪೆಟ್ರೋಸಿಸ್ ಮಗುವಿಗೆ ದಾನಿ ಬೇಕು ಅಂದಿರಲ್ಲ ಡಾಕ್ಟ್ರೇ, ನನ್ನಂಥವರು ಕೊಡಬಹುದಾ? ಬೆನ್ನುಹುರಿಗೆ ಸೂಜಿ ಹಾಕುತ್ತಾರೆ ಅಂತ ಹೆಂಡತಿ ಹೆದರಿಸುತ್ತಿದ್ದಾಳೆ.

ಜೋಳದ_ರೊಟ್ಟಿ
ಬೆನ್ನುಹುರಿ ಮುಟ್ಟುವುದೇ ಇಲ್ಲ. ಹೆಚ್ಚಿನವರಿಂದ ಕೈಯ ರಕ್ತದಲ್ಲೇ ತೆಗೆಯುತ್ತಾರೆ, ಪ್ಲೇಟ್‌ಲೆಟ್ ಕೊಟ್ಟ ಹಾಗೆ. ಅದಕ್ಕೆ ಮೊದಲು ಕೆಲವು ದಿನ ಇಂಜೆಕ್ಷನ್ ಕೊಟ್ಟು ಸೆಲ್‌ಗಳನ್ನು ರಕ್ತಕ್ಕೆ ಬರಿಸುತ್ತಾರೆ. ಮಜ್ಜೆಯನ್ನೇ ಬೇಕು ಅಂದರೆ ಸೊಂಟದ ಹಿಂದಿನ ಮೂಳೆಯಿಂದ, ಅರಿವಳಿಕೆ ಕೊಟ್ಟು. ದಾತ್ರಿ, ಡಿಕೆಎಂಎಸ್ ಅಂತ ನೋಂದಣಿ ಸಂಸ್ಥೆಗಳಿವೆ. ಮೊದಲಿಗೆ ಕೆನ್ನೆಯ ಒಳಗಿನಿಂದ ಹತ್ತಿಯಲ್ಲಿ ಒರೆಸಿ ಕೊಡುವುದಷ್ಟೇ. ವಯಸ್ಸಿನ ಮಿತಿ ಇದೆ, ಅವರನ್ನೇ ಕೇಳಿ.

ಗುಂಡಣ್ಣ
ನನಗೆ 66. ತಗೊಳ್ಳಲ್ಲ ಅಂತಾರೆ ಅಲ್ವಾ? ಮಗನ ಹೆಸರು ಬರೆಸುತ್ತೇನೆ, ಅವನಿಗೆ ಇನ್ನೂ ಹೇಳಿಲ್ಲ.

ಸುಬ್ಬಕ್ಕ_ಅಡುಗೆ
ಅವನನ್ನು ಕೇಳಿ ಬರೆಸಿ ಮಾರಾಯ್ರೇ. ಹೆಸರು ಬರೆಸಿ, ಆಮೇಲೆ ದಾನಿ ಬೇಕು ಅಂತ ಫೋನ್ ಬಂದಾಗ ಆಗಲ್ಲ ಅಂದರೆ ಆ ಕಡೆಯ ಮಗುವಿನ ಮನೆಯವರ ಗತಿ ಏನು?